ಟೀ ಜೊತೆ ನುಂಗಿದ ಮಾತ್ರೆ

೨೦೦೯ರಲ್ಲಿ ನಾನು ಪೀಣ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಓದಿದ್ದು ಎರಡನೇ ಕ್ಲಾಸು. ಆದರೂ ರೋಗಿಗಳು ಡಾಕ್ಟರಮ್ಮನಿಗಿಂತ ನನ್ನನ್ನೇ ಹೆಚ್ಚು ಕೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಯಲ್ಲವ್ವ ಬಾಗಲಕೋಟೆ ಕಡೆಯವಳು. ಚಿಕ್ಕಬಾಣಾವರದಲ್ಲಿ ಬಾಡಿಗೆ ರೂಮು, ಸ್ಟೀಲ್ ಪಾಲಿಶ್ ಶೆಡ್ಡಿನಲ್ಲಿ ಕೆಲಸ. ಗರ್ಭಕೋಶದಲ್ಲಿ ಗಡ್ಡೆ, ತಿಂಗಳಿಗೆ ಹದಿನೈದು ದಿನ ರಕ್ತಸ್ರಾವ. ಆಪರೇಷನ್ ಆಗಲೇಬೇಕಿತ್ತು. ಆದರೆ ಹಿಮೋಗ್ಲೋಬಿನ್, ಅಂದರೆ ರಕ್ತದ ಬಲ, ಏಳೇ ಇತ್ತು. "ಹತ್ತಕ್ಕೆ ಬರಲಿ, ಆಮೇಲೆ ಆಪರೇಷನ್," ಎಂದು ಡಾಕ್ಟರಮ್ಮ ಐರನ್ ಮಾತ್ರೆ ಬರೆದುಕೊಟ್ಟರು.

ವಾರ ಕಳೆದ ಮೇಲೆ ಯಲ್ಲವ್ವ ಬಂದು ನನ್ನ ಹತ್ತಿರ ಕುಳಿತಳು. "ಅಕ್ಕಾ, ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತೈತ್ರಿ."

"ಬಿಸಿ ಟೀ ಜೊತೆ ನುಂಗೇ, ಏನೂ ಆಗಲ್ಲ."

ಹಾಗೇ ಮಾಡಿದಳು. ತೊಳಸುವುದು ನಿಂತಿತು. "ಡಾಕ್ಟರಿಗಿಂತ ನೀವಽ ಚಲೋರಿ," ಎಂದು ನಕ್ಕಳು. ನಾನು ಉಬ್ಬಿದೆ.

ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೆ ಅದೇ ಏಳು. ಮಾತ್ರೆ ಹೇಗೆ ನುಂಗುತ್ತೀ ಎಂದು ಕೇಳಿದರೆ ಯಲ್ಲವ್ವ ಟೀ ಜೊತೆ ಎಂದಳು. "ಟೀ ಜೊತೆ ನುಂಗಿದ್ರೆ ಐರನ್ ಮೈಗೆ ಹತ್ತುತ್ತೇನಮ್ಮ? ಯಾರು ಹೇಳಿದ್ದು?" ಎಂದು ಡಾಕ್ಟರಮ್ಮ ರೇಗಿದರು. ಯಲ್ಲವ್ವ ನನ್ನ ಮುಖ ನೋಡಿ, "ನಾನಽ ನುಂಗಿದ್ನಿರಿ," ಎಂದಳು. ನಾನು ಬಾಗಿಲ ಪರದೆ ಸರಿಮಾಡುತ್ತ ನಿಂತೆ. ಸೋಮವಾರದಿಂದ ಡ್ರಿಪ್ಪಿನಲ್ಲಿ ಐರನ್ ಕೊಡುವುದೆಂದಾಯಿತು.

ಹೊರಗೆ ಅವಳ ಗಂಡ ಸಿಡುಕಿದ. "ತಿಂಗಳಾತು ನುಂಗಾಕತ್ತಾಳ. ಗುಳಿಗಿಗೆ ಏರದ್ದು ಸೂಜಿಗೆ ಏರ್ತೈತೇನು? ಇವರ ಔಷಧಾನಽ ಸುಳ್ಳು. ಊರಿಗೆ ಹೋಗೂಣ ನಡಿ."

ಔಷಧ ಸುಳ್ಳಲ್ಲಪ್ಪ, ತಪ್ಪು ನನ್ನದು ಎಂದಿದ್ದರೆ ಅವನು ನಿಲ್ಲುತ್ತಿದ್ದನೇನೋ. ಕೆಲಸ ಹೋದೀತೆಂದು ನಾನು ಬಾಯಿ ಬಿಡಲಿಲ್ಲ. ಯಲ್ಲವ್ವ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೋದಳು.

ಎರಡು ತಿಂಗಳಾದ ಮೇಲೆ ಅವನೊಬ್ಬನೇ ಸ್ಕ್ಯಾನ್ ಕಾಗದ ಕೇಳಿಕೊಂಡು ಬಂದ. "ಊರಾಗ ರಕ್ತ ನಿಲ್ಲಲಿಲ್ರಿ. ದೊಡ್ಡಾಸ್ಪತ್ರಿ ಮುಟ್ಟೂದ್ರಾಗ ಮುಗೀತು." ನನ್ನನ್ನೇನೂ ಅನ್ನಲಿಲ್ಲ. ಅನ್ನಲು ಅವನಿಗೆ ಏನೂ ಗೊತ್ತಿರಲಿಲ್ಲ. ಆಗಲೂ ನಾನು ಹೇಳಲಿಲ್ಲ.

ಆಮೇಲೆ ಆರು ವರ್ಷ ಅಲ್ಲೇ ದುಡಿದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ತಿಳಿಯದಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು, ತಿಳಿದ ಮೇಲೆ ಬಾಯಿ ಬಿಡಬೇಕು. ನಾನು ಎರಡನ್ನೂ ತಿರುಗಾಮುರುಗಾ ಮಾಡಿದೆ. ಕಲಿತದ್ದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ.