ದೇವರ ಪೆಟ್ಟಿಗೆಯಲ್ಲಿದ್ದ ಹೈಸ್ಕೂಲು

ನನ್ನ ಮಗಳು ಹೈಸ್ಕೂಲಿಗೆ ಸೇರಿದ ವರ್ಷ ಹೊಸದುರ್ಗದ ಸಂತೆಯಲ್ಲಿ ಅವಳಿಗೊಂದು ನೀಲಿ ಬಣ್ಣದ ನೀರಿನ ಬಾಟಲಿ ತಂದಿದ್ದೆ. ದಿನಾ ಬೆಳಿಗ್ಗೆ ನಾನೇ ತುಂಬಿ ಕೊಡುತ್ತಿದ್ದೆ. ಸಂಜೆ ಅದು ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನೀರು ಕುಡಿಯಾಕೂ ಸೋಮಾರಿತನವೇನೇ ನಿಂಗೆ?" ಎಂದು ಬೈಯುತ್ತಿದ್ದೆ. ಅವಳು ಬಾಟಲಿ ಬಗ್ಗಿಸಿ ನೀರನ್ನು ಹಿತ್ತಲ ಕರಿಬೇವಿನ ಗಿಡಕ್ಕೆ ಸುರಿದು ಒಳಗೆ ಹೋಗುತ್ತಿದ್ದಳು. ಆ ವರ್ಷ ಬೀದಿಯವರೆಲ್ಲ ಒಗ್ಗರಣೆಗೆ ನಮ್ಮನೆಯಿಂದಲೇ ಕರಿಬೇವು ಒಯ್ದರು.

ನಮ್ಮೂರು ಮತ್ತೋಡಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸರ್ಕಾರ ನಮಗೊಂದು ಹೈಸ್ಕೂಲು ಕೊಟ್ಟಿತ್ತು, ಕಟ್ಟಡ ಕೊಟ್ಟಿರಲಿಲ್ಲ. ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರು ದೊಡ್ಡ ಮನಸ್ಸು ಮಾಡಿ ತಮ್ಮ ಅಟ್ಟದ ಮನೆಯನ್ನು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟಿದ್ದು ಕೆಳಗಿನ ಅರ್ಧ ಮಾತ್ರ. ಮೇಲೆ ಬಿದಿರಿನ ಅಟ್ಟದ ತುಂಬ ತೆಂಗಿನಕಾಯಿಗಳು, ಒಳಗೇ ಒಣಗಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಮಲಗಿರುತ್ತಿದ್ದವು. ಕೆಳಗೆ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು. ನಾನು ಊರಿಗೆಲ್ಲ ಬಟ್ಟೆ ಹೊಲಿಯುವವಳಾದ್ದರಿಂದ ಮೂರು ಕ್ಲಾಸುಗಳ ನಡುವೆ ಕಟ್ಟುವ ಗೋಣಿತಾಟಿನ ಪರದೆಗಳನ್ನು ನಾನೇ ಹೊಲಿದುಕೊಟ್ಟಿದ್ದೆ. ಮೇಲೆ ಇಲಿ ಓಡಿದರೆ ಕಾಯಿ ಉರುಳುತ್ತಿತ್ತು, ಮೂರೂ ಕ್ಲಾಸಿನ ಪಾಠ ಒಟ್ಟಿಗೇ ನಿಲ್ಲುತ್ತಿತ್ತು. ಮಗಳ ಜಡೆಯಲ್ಲಿ ಯಾವಾಗಲೂ ಕಾಯಿ ಸಿಪ್ಪೆಯ ನಾರು ಸಿಕ್ಕಿರುತ್ತಿತ್ತು.

ದಸರಾ ರಜಕ್ಕೆ ಇನ್ನೊಂದು ವಾರ ಇದ್ದಾಗ ಮಗಳು ಕ್ಲಾಸಿನಲ್ಲೇ ಬಿದ್ದಳು. ಮೈ ಸುಡುತ್ತಿತ್ತು. ಹೊಸದುರ್ಗಕ್ಕೆ ಕರೆದುಕೊಂಡು ಓಡಿದೆ. ಡಾಕ್ಟರು ಪರೀಕ್ಷೆ ಮಾಡಿ, ಉರಿಮೂತ್ರ, ಇವಳು ದಿನವಿಡೀ ನೀರೇ ಕುಡಿಯುತ್ತಿಲ್ಲ ಎಂದರು. ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಮತ್ತೆ ಬೈಯಲು ಶುರುಮಾಡಿದೆ. ಮಗಳು ತಲೆ ಎತ್ತಿ, "ಕುಡುದ್ರೆ ಎಲ್ಲಿಗೆ ಹೋಗ್ಲವ್ವ?" ಎಂದಳು.

ಅಟ್ಟದ ಮನೆಯ ಹಿಂದೆ ಸಿಪ್ಪೆ ರಾಶಿ. ಅಲ್ಲಿ ಹೊತ್ತು ಮುಳುಗುವ ತನಕ ಗಂಡಸರು ಕಾಯಿ ಸುಲಿಯುತ್ತಿದ್ದರು. ಮುಂದೆ ರಸ್ತೆ. ನಾನು ಆ ಮಕ್ಕಳ ಸಮವಸ್ತ್ರದ ಅಳತೆ ತೆಗೆದವಳು, ಒಬ್ಬೊಬ್ಬಳ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. ಆದರೂ ಈ ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮಾರನೆಯ ದಿನ ಹೆಡ್‌ಮೇಷ್ಟ್ರ ಮುಂದೆ ನಿಂತೆ. ಅವರು ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಮೇಜಿನ ಡ್ರಾಯರಿನಿಂದ ಒಂದು ಕಾಗದ ತೆಗೆದು ಓದಿ ಹೇಳಿದರು. ಕಟ್ಟಡ ಮಂಜೂರಾಗಿದೆ. ಊರಿನವರು ಮಾರ್ಚಿಯೊಳಗೆ ಜಾಗ ಕೊಡಬೇಕು. ಕೊಡದಿದ್ದರೆ ಕಟ್ಟಡ ಬೇರೆ ಊರಿಗೆ ಹೋಗುತ್ತದೆ, ನಮ್ಮ ಹೈಸ್ಕೂಲನ್ನೂ ಅಲ್ಲಿಗೇ ಸೇರಿಸುತ್ತಾರೆ.

"ಯಾವೂರಿಗೆ ಸಾರ್?" ಎಂದು ಕೇಳಿದೆ. ಅವರು ಹೇಳಿದ ಊರಿಗೆ ಬಸ್ಸಿರಲಿಲ್ಲ. ಗಂಡುಮಕ್ಕಳಾದರೆ ಸೈಕಲ್ ತುಳಿದುಕೊಂಡು ಹೋಗುತ್ತವೆ. ಹೆಣ್ಣುಮಕ್ಕಳ ಗತಿ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಕಾಲದಲ್ಲಿ ಹೈಸ್ಕೂಲು ದೂರವಿತ್ತೆಂದು ನನ್ನನ್ನು ಏಳನೇ ಕ್ಲಾಸಿಗೇ ಬಿಡಿಸಿ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿದ್ದರು. ಆ ಮಿಷನ್ನಿನ ಮೇಲೆ ನನಗೆ ಪ್ರೀತಿ ಇಲ್ಲದೇ ಇಲ್ಲ. ಆದರೆ ಮಗಳು ಅದರ ಮುಂದೆ ಕೂರುವುದು ನನಗೆ ಬೇಕಿರಲಿಲ್ಲ.

ಅವತ್ತಿನಿಂದ ಹೊಲಿಗೆಗೆ ಬಂದ ಹೆಂಗಸರಿಗೆಲ್ಲ ಇದೇ ಮಾತು. ಹೆಣ್ಣುಮಕ್ಕಳ ತಾಯಂದಿರನ್ನು ಕಟ್ಟಿಕೊಂಡು ಮನೆಮನೆ ಸುತ್ತಿದೆ. ನಮ್ಮನೆಯವರು, "ಊರಿನ ಉಸಾಬರಿ ಎಲ್ಲ ನಿಂಗೇ ಬೇಕಾಗಿತ್ತಾ?" ಎಂದು ಗೊಣಗಿದರೂ ತಮ್ಮ ಪಾಡಿಗೆ ತಾವೇ ಅನ್ನಕ್ಕಿಟ್ಟುಕೊಳ್ಳಲು ಕಲಿತರು. ಜಾಗ ಎಂದ ಕೂಡಲೇ ಊರಿನ ದೊಡ್ಡ ಜಮೀನಿನವರಿಗೆಲ್ಲ ಏನೋ ಕೆಲಸ ನೆನಪಾಗುತ್ತಿತ್ತು. ಕೊನೆಗೆ ಕೊಡುತ್ತೇನೆಂದವಳು ಊರ ತುದಿಯಲ್ಲಿ ಒಂಟಿಯಾಗಿದ್ದ ಮುದುಕಿ. ಎಲ್ಲರೂ ಅವಳನ್ನು ದೊಡ್ಡಜ್ಜಿ ಅನ್ನುತ್ತಿದ್ದೆವು. ಮಕ್ಕಳಿಲ್ಲ, ಗಂಡ ತೀರಿ ಬಹಳ ವರ್ಷವಾಗಿತ್ತು. ಕೆರೆಯ ಹಿಂದಿನ ತನ್ನ ಹೊಲವನ್ನು ಒಂದೇ ಮಾತಿಗೆ ಕೊಟ್ಟಳು.

ಪತ್ರ ಯಾರ ಹೆಸರಿಗೆ ಬರೆಯುವುದು ಎಂದು ಅರಳಿಕಟ್ಟೆಯಲ್ಲಿ ಸಭೆ ಸೇರಿದಾಗ ಎಲ್ಲರಿಗಿಂತ ಮೊದಲು ಬಾಯಿ ಹಾಕಿದವಳು ನಾನೇ. "ದೇವರ ಹೆಸರಿಗೆ ಬರೀರಿ" ಎಂದೆ. ನಮ್ಮೂರಲ್ಲಿ ನಡೆದುಬಂದದ್ದೇ ಹಾಗೆ. ಮದುವೆಗೆ ಎರವಲು ಕೊಡುವ ದೊಡ್ಡ ಹಂಡೆಗಳು ದೇವರವು, ಕೆರೆ ಏರಿಯ ಹುಣಸೆಮರ ದೇವರದು, ಊರಿನ ಜಮಖಾನ ದೇವರದು. ಹತ್ತು ಜನರಿಗೆ ಸೇರಿದ್ದನ್ನು ದೇವರ ಹೆಸರಿಗೆ ಹಾಕಿಬಿಟ್ಟರೆ ಒಬ್ಬನೂ ಮುಟ್ಟುವುದಿಲ್ಲ. ಸಭೆ ತಲೆದೂಗಿತು. ಹೆಂಗಸಾದರೂ ಎಷ್ಟು ಚೆನ್ನಾಗಿ ಹೇಳಿದಳು ಎಂದು ಹಿರಿಯರೊಬ್ಬರು ಹೊಗಳಿದರು, ನಾನು ಉಬ್ಬಿಹೋದೆ. ದೊಡ್ಡಜ್ಜಿ ಹೆಬ್ಬೆಟ್ಟು ಒತ್ತಿದಳು. ಪೂಜಾರಪ್ಪ ಪತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ದೇವರ ಪಾದಕ್ಕೆ ಮುಟ್ಟಿಸಿ, ಒಡವೆ ವಸ್ತ್ರ ಇಡುವ ದೇವರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅದರ ಜೆರಾಕ್ಸ್ ಪ್ರತಿ ಚಿತ್ರದುರ್ಗದ ಶಿಕ್ಷಣ ಇಲಾಖೆಗೆ ಹೋಯಿತು.

ದೀಪಾವಳಿ ಕಳೆದ ಮೇಲೆ ಅದು ತಿರುಗಿ ಬಂತು. ಹೆಡ್‌ಮೇಷ್ಟ್ರ ಜೊತೆ ನಾನೂ ಇನ್ನಿಬ್ಬರು ತಾಯಂದಿರೂ ಚಿತ್ರದುರ್ಗದ ಬಸ್ ಹತ್ತಿದೆವು. ಅಲ್ಲಿ ಕಡತ ನೋಡುವವರು ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ವಿವರಿಸಿದರು.

"ನೋಡ್ರಮ್ಮ, ದೇವರ ಹೆಸರಿಗೆ ಬರೆದ ಜಾಗದಲ್ಲಿ ಇಲಾಖೆ ಕಟ್ಟಡ ಕಟ್ಟೋಕೆ ಬರಲ್ಲ. ನಿಮ್ಮ ಪುಣ್ಯ, ಈ ಪತ್ರ ರಿಜಿಸ್ಟರ್ ಆಗಿಲ್ಲ. ಪಹಣಿ ಇನ್ನೂ ಅಜ್ಜಿ ಹೆಸರಲ್ಲೇ ಇದೆ. ಅವರನ್ನ ಹೊಸದುರ್ಗಕ್ಕೆ ಕರಕೊಂಡು ಹೋಗಿ ಇಲಾಖೆ ಹೆಸರಿಗೆ ದಾನಪತ್ರ ಮಾಡಿಸಿ, ಮುಗೀತು."

ಮುಗೀತು ಎಂದುಕೊಂಡೇ ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತ ಊರಿಗೆ ಬಂದೆವು. ದೊಡ್ಡಜ್ಜಿ ನಮ್ಮ ಮಾತನ್ನೆಲ್ಲ ಕೇಳಿ, ಎಲೆ ಅಡಿಕೆ ಉಗಿದು ಬಂದು, "ಅದು ಈಗ ನಂದಲ್ಲ ಕಣವ್ವ" ಎಂದಳು. "ಸ್ವಾಮಿಗೆ ಕೊಟ್ಟಾತು. ಸ್ವಾಮಿದನ್ನ ನಾನು ಇನ್ನೊಬ್ರಿಗೆ ಹೆಂಗೆ ಬರಕೊಡ್ಲಿ?"

"ಸರ್ಕಾರದ ಲೆಕ್ಕದಲ್ಲಿ ಇನ್ನೂ ನಿಂದೇ ಐತೆ ಅಜ್ಜಿ."

"ಸರ್ಕಾರ ಏನಾದ್ರೂ ಅನ್ಲಿ. ನನ್ನ ಬಾಯಾಗೆ ಮಾತು ಹೋಗೈತೆ."

ಊರೂ ಅವಳ ಕಡೆಗೇ ನಿಂತಿತು. ದೇವರ ಪೆಟ್ಟಿಗೆಯಿಂದ ಪತ್ರ ತೆಗೆಯಲು ಪೂಜಾರಪ್ಪನ ಕೈ ಬರಲಿಲ್ಲ. ಅರಳಿಕಟ್ಟೆಯಲ್ಲಿ ನನ್ನನ್ನು ಹೊಗಳಿದ್ದ ಹಿರಿಯರೇ, "ನೀನೇ ಅಲ್ವೇನವ್ವ ಹೇಳಿದ್ದು?" ಎಂದು ಕುಟುಕಿದರು. ಕೈಯಲ್ಲಿದ್ದ ಕತ್ತರಿ ಬಿಸಾಡುವಷ್ಟು ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿಯೇ ಇತ್ತಲ್ಲ, ಅದಕ್ಕೇ ಅಷ್ಟು ಸಿಟ್ಟು.

ಹೂವು ಕೇಳೋಣ ಎಂದಾಯಿತು. ದೇವರ ಎಡಬಲಕ್ಕೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಸೋಮವಾರ ಊರೆಲ್ಲ ನೆರೆದಿತ್ತು. ಎಡಗಡೆಯ ಹೂ ಬಿತ್ತು. ಎಲ್ಲರೂ ಕೈಮುಗಿದು, ಇನ್ನೇನು ಮಾಡೋಕಾಗ್ತದೆ ಎಂದು ಮನೆ ಕಡೆ ತಿರುಗಿದರು. "ಮುಂದಿನ ಸೋಮವಾರ ಮತ್ತೆ ಕೇಳಾಣ" ಎಂದೆ ನಾನು. ಪೂಜಾರಪ್ಪ ನನ್ನನ್ನು ಕೆಕ್ಕರಿಸಿ ನೋಡಿದರು. ಮುಂದಿನ ಸೋಮವಾರ ಯಾವ ಹೂವೂ ಬೀಳಲಿಲ್ಲ. ಅದರ ಮುಂದಿನದಕ್ಕೆ ನನ್ನ ಜೊತೆ ಬಂದವರು ಇಬ್ಬರೇ. ಆ ಸೋಮವಾರವೂ ಹೂ ಅಲ್ಲಾಡಲಿಲ್ಲ. ನಾನು ಬಿಡಲಿಲ್ಲ. ದೇವರಿಗೆ ಸಾಕುಸಾಕಾಗುವ ತನಕ ಕೇಳುವುದೆಂದು ಹಟ ಹಿಡಿದಿದ್ದೆ.

ಸಂಕ್ರಾಂತಿ ಆದಮೇಲೆ ವ್ಯಾಪಾರಿಯವರು ಅಟ್ಟ ಇಳಿಸುವ ಕಾಲ ಬಂತು. ಕೊಬ್ಬರಿ ಇಳಿಸಿ, ಸುಲಿದು, ಮೂಟೆ ಕಟ್ಟುವ ತನಕ ಮಕ್ಕಳು ಅಲ್ಲಿರುವಂತಿರಲಿಲ್ಲ. ಪ್ರತಿ ವರ್ಷದಂತೆ ಮರದ ಕೆಳಗೆ ಕೂರಬೇಕಿದ್ದವರನ್ನು ದೇವಸ್ಥಾನದ ಪೌಳಿಗೆ ಕರೆದುಕೊಂಡು ಹೋಗೋಣ ಎಂದವಳೂ ನಾನೇ. ಮೂರೂ ಕ್ಲಾಸಿನ ಗಲಾಟೆ ಕೇಳಿಯಾದರೂ ದೇವರು ಜಾಗ ಬಿಟ್ಟಾನು ಎಂಬುದು ನನ್ನ ಲೆಕ್ಕಾಚಾರ. ಪೂಜಾರಪ್ಪನಿಗೂ ಬೇಡವೆನ್ನಲು ಆಗಲಿಲ್ಲ. ಪಾಠ ಚೆನ್ನಾಗಿಯೇ ನಡೆಯಿತು. ಗಂಟೆಯೂ ಅಲ್ಲೇ ಇತ್ತು.

ಎರಡನೆಯ ವಾರ ಮಗಳು ಮುಟ್ಟಾದಳು. ಮೂರು ದಿನ ಶಾಲೆ ಬಿಡುತ್ತೇನೆ ಎಂದಳು. ಪರೀಕ್ಷೆ ಹತ್ತಿರವಿತ್ತು. ನಾನು ಹೇಳಿಕೊಟ್ಟ ಉಪಾಯ ಇದು: "ಒಳಗೆ ಹೋಗಬ್ಯಾಡ. ಪೌಳಿ ಗೋಡೆ ಹೊರಗೆ ಕುಂತ್ಕೊ. ಮೇಷ್ಟ್ರ ದನಿ ಅಲ್ಲಿಗೂ ಕೇಳುಸ್ತದೆ." ಬಾಟಲಿ ತುಂಬಿ ಕೊಟ್ಟು ಕಳಿಸಿದೆ. ಹೆತ್ತ ತಾಯಿ ನಾನು ಮಾಡಿದ ಕೆಲಸ ಇದು. ಆಗ ಅದು ತಪ್ಪೆಂದು ನನಗೆ ಒಂದು ಚೂರೂ ಅನ್ನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೊಡ್ಡಜ್ಜಿ ನಮ್ಮನೆ ಬಾಗಿಲಿಗೆ ಬಂದಳು. ಎಂದೂ ಬಂದವಳಲ್ಲ. ಏದುಸಿರು ಬಿಡುತ್ತಿದ್ದಳು.

"ನಿನ್ ಮಗಳು ಬಿಸಿಲಾಗೆ ಗೋಡೆ ಹೊರಗೆ ಕುಂತವಳಲ್ಲ, ಯಾಕೆ? ಕೇಳಿದ್ರೆ ತಲೆ ತಗ್ಗುಸ್ತಾಳೆ."

ನಾನೂ ತಲೆ ತಗ್ಗಿಸಿದೆ. ದೊಡ್ಡಜ್ಜಿಗೆ ಅರ್ಥವಾಯಿತು.

"ಅವಳೊಬ್ಬಳೇ ಅಲ್ಲ. ಇನ್ನೊಂದು ಹುಡುಗೀನೂ ಕುಂತೈತೆ" ಎಂದಳು. "ಎದ್ದೇಳು. ನಡಿ ಹೋಗಾಣ."

ಅವಳ ಹಿಂದೆ ನಾನು ಓಡಬೇಕಾಯಿತು. ಪೌಳಿಯಲ್ಲಿ ಲೆಕ್ಕದ ಪಾಠ ನಡೆಯುತ್ತಿತ್ತು. ಮಕ್ಕಳ ನಡುವೆಯೇ ದಾಟಿಕೊಂಡು ದೊಡ್ಡಜ್ಜಿ ಗರ್ಭಗುಡಿಯ ಹೊಸ್ತಿಲಿಗೆ ಹೋಗಿ ನಿಂತಳು. ಪೂಜಾರಪ್ಪ ಹೂವಿನ ತಟ್ಟೆಗೆ ಕೈ ಹಾಕಿದರು.

"ಹೂವು ಬ್ಯಾಡ" ಎಂದಳು ದೊಡ್ಡಜ್ಜಿ. ಆಮೇಲೆ ದೇವರ ಕಡೆ ತಿರುಗಿ, ಮನೆಯ ಹಿರಿಯ ಮಗನ ಜೊತೆ ಮಾತಾಡುವ ಹಾಗೆ ಹೇಳಿದಳು: "ನೋಡಪ್ಪ, ಈ ಹುಡುಗೀರು ಕುಂತು ಓದ್ಲಿ ಅಂತ ಹೊಲ ಕೊಟ್ಟೆ. ನಿನ್ ಹೆಸ್ರಿಗೆ ಹಾಕಿದ್ರೆ ನಾಳೆ ಅಲ್ಲೂ ಇವ್ರು ಗೋಡೆ ಹೊರಗೇ ಕುಂತ್ಕಬೇಕು. ಅದ್ಕೇ ಇಸ್ಕಂತಾ ಇದೀನಿ. ತಪ್ಪಾದ್ರೆ ನಂಗೊಬ್ಳಿಗೇ ಏನಾದ್ರೂ ಮಾಡು. ಊರಿಗೆ ಏನೂ ಮಾಡಬ್ಯಾಡ."

ಪೂಜಾರಪ್ಪನ ಕಡೆ ಅಂಗೈ ಚಾಚಿದಳು. ಅವರು ದೇವರನ್ನು ನೋಡಿದರು, ಹೆಡ್‌ಮೇಷ್ಟ್ರನ್ನು ನೋಡಿದರು, ಕೊನೆಗೆ ಸೊಂಟದ ಬೀಗದ ಕೈ ಬಿಚ್ಚಿದರು. ಪೆಟ್ಟಿಗೆಯಿಂದ ಪತ್ರ ಹೊರಗೆ ಬಂದಾಗ ಕುಂಕುಮ ಹತ್ತಿ ಅರ್ಧದಷ್ಟು ಅಕ್ಷರಗಳು ಮುಚ್ಚಿಹೋಗಿದ್ದವು. ದೊಡ್ಡಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. "ಯಾರ ಹೆಸರಿಗೆ ಬರೀಬೇಕೋ ಸರಿಯಾಗಿ ಕೇಳ್ಕಂಡು ಬಾ ಈ ಸಲ" ಎಂದಳು. ಅವಳ ಬಾಯಲ್ಲಿ ಬಂದದ್ದರಿಂದ ಆ ಮಾತನ್ನು ನುಂಗಿಕೊಂಡೆ. ಹೊರಗೆ ಬಂದು ಮಗಳ ಪಕ್ಕದಲ್ಲಿ ಗೋಡೆಗೊರಗಿ ಕುಳಿತು ಅತ್ತೆ. ಅವಳಿಗೆ ಒಳಗೆ ನಡೆದದ್ದೇನೂ ಗೊತ್ತಿರಲಿಲ್ಲ, ಲೆಕ್ಕ ಬರೆದುಕೊಳ್ಳುತ್ತಿದ್ದಳು.

ಮಾರ್ಚಿ ಬರುವುದರೊಳಗೆ ಹೊಸದುರ್ಗದಲ್ಲಿ ರಿಜಿಸ್ಟರ್ ಆಯಿತು. ದೊಡ್ಡಜ್ಜಿ ಎರಡನೆಯ ಸಲ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ನನ್ನ ಸೆರಗಿಗೆ ಒರೆಸಿದಳು. ಊರಲ್ಲಿ ಕೆಲವರು ಅವಳಿಗೆ ಏನಾದರೂ ಆದೀತು ಎಂದು ಕಾದರು. ಏನೂ ಆಗಲಿಲ್ಲ. ಮಾರನೆಯ ವರ್ಷ ಬುನಾದಿ ತೆಗೆಯುವಾಗ ಕೊಡೆ ಹಿಡಿದುಕೊಂಡು ದಿನಾ ಬಂದು, ಕೂಲಿಯವರಿಗೆ ಹೀಗೆ ತೋಡ್ರಿ ಹಾಗೆ ತೋಡ್ರಿ ಎಂದು ತಲೆ ತಿನ್ನುತ್ತಿದ್ದಳು. ಗುತ್ತಿಗೆದಾರರು ಹೆಣ್ಣುಮಕ್ಕಳ ಶೌಚಾಲಯವನ್ನು ಆಮೇಲೆ ನೋಡೋಣ ಎಂದಾಗ ನಾವು ತಾಯಂದಿರು ಜಲ್ಲಿ ರಾಶಿಯ ಮೇಲೆ ಕುಳಿತುಬಿಟ್ಟೆವು. ಮೊದಲು ಅದರ ಗೋಡೆ ಎದ್ದಿತು, ಆಮೇಲೆ ಉಳಿದದ್ದು.

ಕಟ್ಟಡಕ್ಕೆ ಮಕ್ಕಳು ಹೋಗುವ ಹೊತ್ತಿಗೆ ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು. ಅವಳಿಗೆ ಅಲ್ಲಿ ಸಿಕ್ಕಿದ್ದು ಕೊನೆಯ ಕೆಲವೇ ತಿಂಗಳು. ಮೊದಲ ದಿನ ಸಂಜೆ ಅವಳು ಬಂದು ಚೀಲ ಬಿಸಾಡಿ ಆಟಕ್ಕೆ ಓಡಿದಳು. ನಾನು ಮಿಷನ್ ನಿಲ್ಲಿಸಿ, ಚೀಲದಿಂದ ನೀಲಿ ಬಾಟಲಿ ತೆಗೆದು ಬೆಳಕಿಗೆ ಹಿಡಿದೆ. ಬಣ್ಣ ಮಾಸಿತ್ತು. ಮುಚ್ಚಳ ತೆಗೆದು ಅಂಗೈ ಮೇಲೆ ಬಗ್ಗಿಸಿದೆ, ಒಂದು ಹನಿಯೂ ಬೀಳಲಿಲ್ಲ.

ಅವತ್ತಿನಿಂದ ಕರಿಬೇವಿನ ಗಿಡಕ್ಕೆ ನಾನೇ ಬಿಂದಿಗೆಯಿಂದ ನೀರು ಹಾಕಬೇಕಾಯಿತು.