ಕೊಡೆ ಕಂಡರೆ ನಿಲ್ಲುವ ಬಸ್ಸು

ಮೊನ್ನೆ ಬಿ.ಸಿ.ರೋಡಿನಲ್ಲಿ ನಾವು ಮೂವರು ನಿಂತಿದ್ದೆವು: ನಾನು, ನನ್ನ ಕೊಡೆ, ಮತ್ತೆ ಮೀನಿನ ಬುಟ್ಟಿಯ ಹೆಂಗಸೊಬ್ಬಳು. ಬಸ್ಸು ಬಂತು. ನಾನು ಕೊಡೆ ಎತ್ತಿದೆ. ಬಸ್ಸು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆದು, ನಮಗೆ ಧೂಳು ಮೆತ್ತಿ ಹೋಯಿತು. "ಅಜ್ಜೇರೇ, ಕೊಡೆಗೆಲ್ಲ ಈಗ ಬಸ್ಸು ನಿಲ್ಲುವುದುಂಟಾ?" ಎಂದು ಅವಳು ನಕ್ಕಳು. ನಿಲ್ಲುತ್ತಿದ್ದ ಬಸ್ಸೊಂದರ ಕತೆ ಅವಳಿಗೆ ಹೇಳಲಾಗಲಿಲ್ಲ. ನಿಮಗಾದರೂ ಹೇಳುತ್ತೇನೆ.

ಆಗ ನಾನು ಮೂಡಬಿದಿರೆಯಲ್ಲಿ ಬಸ್ಸು ಏಜೆಂಟ. ಟಿಕೆಟು ಕೊಡುವುದು, ಬಸ್ಸು ಬರುವವರೆಗೆ ಜನರನ್ನು ಮಾತಿನಲ್ಲಿ ಕಟ್ಟಿಹಾಕುವುದು ನನ್ನ ಕೆಲಸ. ಎರಡನೆಯದರಲ್ಲಿ ನನಗೆ ಹೆಚ್ಚು ಹೆಸರಿತ್ತು. ನಮ್ಮದು ಪುಟ್ಟ ಕಂಪೆನಿ. ಬಂಟವಾಳದಿಂದ ಸಿದ್ಧಕಟ್ಟೆ, ಮೂಡಬಿದಿರೆ ದಾಟಿ ಸಂಜೆಗೆ ಬೆಳುವಾಯಿ ಸೇರುವ ಬಸ್ಸಿಗೆ ಮೋನಪ್ಪಣ್ಣ ಡ್ರೈವರ್, ಅಬ್ಬು ಬ್ಯಾರಿ ಕಂಡಕ್ಟರ್. ದಾರಿಯ ಮನೆಗಳೆಲ್ಲ ಗದ್ದೆಯ ಆಚೆ. ಪೇಟೆಗೆ ಹೊರಡುವವರು ಬೆಳಿಗ್ಗೆಯೇ ಒಂದು ಕೊಡೆಯನ್ನು ರಸ್ತೆ ಬದಿಯ ಗೂಟಕ್ಕೆ ತೂಗಿಹಾಕಿ ಮನೆಗೆ ಮರಳುತ್ತಿದ್ದರು. ಕೊಡೆ ಕಂಡರೆ ಮೋನಪ್ಪಣ್ಣ ಬಸ್ಸು ನಿಲ್ಲಿಸಿ, ರಬ್ಬರ್ ಚೆಂಡಿನ ಹಿತ್ತಾಳೆ ಹಾರ್ನನ್ನು ಪೋಂ ಪೋಂ ಎಂದು ಒತ್ತುತ್ತಿದ್ದ. ಆಚೆಯಿಂದ "ಓ..." ಎಂದು ಉತ್ತರ ಬಂದರೆ, ಆ ಜನ ಬಂದು ಮುಟ್ಟುವವರೆಗೆ ಕಾಯುತ್ತಿದ್ದ. ಒಳಗೆ ಕೂತವರು ಯಾರೂ ಗೊಣಗುತ್ತಿರಲಿಲ್ಲ. ನಾಳೆ ಅವರ ಕೊಡೆಯೂ ಗೂಟದಲ್ಲಿ ತೂಗಬೇಕಲ್ಲ! ಬೆಳುವಾಯಿಯ ತಿರುವಿನಲ್ಲಿ ಮಾತ್ರ ಹಾರ್ನು ಕೊಡೆಯಿಲ್ಲದೆಯೂ ಕೂಗುತ್ತಿತ್ತು. ಅಲ್ಲಿ ಮೋನಪ್ಪಣ್ಣನ ಮನೆ. ಹಾರ್ನು ಕೇಳಿದ ಮೇಲೆಯೇ ಕಮಲಕ್ಕ ಗಂಡನ ಮೀಯುವ ನೀರಿಗೆ ಬೆಂಕಿ ಮಾಡುತ್ತಿದ್ದದ್ದು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಹುಟ್ಟಿತು. ಅದೇ ರಸ್ತೆಯಲ್ಲಿ ನಮ್ಮ ಹಿಂದೆಯೇ ಬಸ್ಸು ಓಡಿಸುತ್ತಿದ್ದ ಮಂಗಳೂರಿನ ದೊಡ್ಡ ಕಂಪೆನಿ ನಮ್ಮದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದಂತೆ. ಬೂಟು ಹಾಕಿದ ಯಾರೋ ಒಬ್ಬರು ನಮ್ಮ ಧಣಿಗಳ ಜಗಲಿಯಲ್ಲಿ ಎಳನೀರು ಕುಡಿಯುವುದನ್ನು ಅಬ್ಬು ನೋಡಿದ್ದನಂತೆ. ಅಷ್ಟು ಸಾಕಾಯಿತು.

"ಅವರು ಗಡಿಯಾರ ನೋಡಿ ಜನ ಇಟ್ಟುಕೊಳ್ಳುವುದಂತೆ ಮಾರಾಯ. ತಡ ಮಾಡುವ ಡ್ರೈವರ್ ಅವರಿಗೆ ಬೇಡವಂತೆ" ಎಂದ ಅಬ್ಬು.

"ಯಾರು ಹೇಳಿದ್ದು?" ಎಂದೆ.

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಂದರೆ ನೀನೇ ಅಲ್ವಾ?"

ಇಂಥ ಮಾತಿಗೆ ಮೊದಲು ನಗುತ್ತಿದ್ದ ಮೋನಪ್ಪಣ್ಣ ಆ ದಿನ ನಗಲಿಲ್ಲ. ಐವತ್ತು ದಾಟಿದ ಜೀವ. ಸ್ಟಿಯರಿಂಗ್ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಮೂವರೂ ಒಟ್ಟಿಗೆ ಚಾ ಕುಡಿಯುವುದು ನಿಂತಿತು. ಒಬ್ಬ ಮಂಗಳೂರಿಗೆ ಹೋದನೆಂದರೆ ಉಳಿದಿಬ್ಬರಿಗೆ ಅವನು ದೊಡ್ಡ ಕಂಪೆನಿಯಲ್ಲಿ ಕೆಲಸ ಕೇಳಲು ಹೋದನೆಂದು ಗುಮಾನಿ. ನಾನೂ ಮಾತು ಕಡಿಮೆ ಮಾಡಿ ಗಂಭೀರನಾದೆ. ನನಗೆ ಜ್ವರ ಎಂದು ಊರವರು ಕಷಾಯ ಕಳಿಸಿದರು.

ಆಮೇಲೆ ಮೋನಪ್ಪಣ್ಣ ಕೊಡೆಗಳನ್ನು ನೋಡುವುದನ್ನೇ ಬಿಟ್ಟ. ಸಿದ್ಧಕಟ್ಟೆಯ ಹತ್ತಿರ ವೀಳ್ಯದೆಲೆ ಮಾರುವ ದೇಯಕ್ಕ ಬುಟ್ಟಿ ಹೊತ್ತು ಗದ್ದೆಯ ಬದುವಿನಲ್ಲಿ ಓಡಿ ಬರುತ್ತಿದ್ದರೂ ಬಸ್ಸು ಹೊರಟೇಬಿಟ್ಟಿತು. "ಮೋನಪ್ಪಾ, ನಿನಗೆ ಕಣ್ಣು ಹೊಟ್ಟಿತಾ, ಕೊಡೆ ಕಾಣುವುದಿಲ್ಲವಾ?" ಎಂದು ಅವಳು ಕೂಗಿದ್ದು ಒಳಗಿದ್ದವರಿಗೆಲ್ಲ ಕೇಳಿತಂತೆ. ಮರುದಿನ ಅವಳು ಮೂಡಬಿದಿರೆಯಲ್ಲಿ ಇಳಿದದ್ದು ದೊಡ್ಡ ಕಂಪೆನಿಯ ಬಸ್ಸಿನಿಂದ.

"ಎಂತ ದೇಯಕ್ಕ, ನಮ್ಮನ್ನು ಬಿಟ್ಟಿರಾ?" ಎಂದೆ.

"ಅದೂ ಕಾಯುವುದಿಲ್ಲ, ನಿಮ್ಮದೂ ಕಾಯುವುದಿಲ್ಲ. ಅದರ ಸೀಟಾದರೂ ಮೆತ್ತಗೆ ಉಂಟು" ಎಂದಳು.

ಒಬ್ಬೊಬ್ಬರಾಗಿ ಎಲ್ಲರೂ ಹಾಗೆಯೇ ಹೋದರು. ನಮ್ಮ ಬಸ್ಸು ಹೊತ್ತಿಗೆ ಸರಿಯಾಗಿ, ಖಾಲಿಯಾಗಿ ಬರತೊಡಗಿತು.

ಒಂದು ಸಂಜೆ ಧಣಿಗಳು ನಮ್ಮ ಮೂವರನ್ನೂ ಕರೆಸಿದರು. ಅವರು ಜೈನರು, ಹೊತ್ತು ಕಂತುವ ಮೊದಲೇ ಊಟ ಮುಗಿಸುವವರು. ಆ ದಿನ ಊಟಕ್ಕೆ ಏಳದೆ ಜಗಲಿಯಲ್ಲೇ ಕೂತಿದ್ದರು.

"ಕೊಡೆಗೆ ಯಾಕೆ ನಿಲ್ಲಿಸುವುದಿಲ್ಲ ಮೋನಪ್ಪ?"

"ದೊಡ್ಡ ಕಂಪೆನಿಯವರಿಗೆ ತಡ ಆಗಬಾರದಂತೆ ಧಣಿ. ಕಂಪೆನಿ ಸೇರಿಸ್ತಾರಲ್ಲ, ಆಗ ನನ್ನನ್ನು ತೆಗೆದು ಹಾಕಿದರೆ..."

ಧಣಿಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಅವರು ಬಂದು ಕೇಳಿದ್ದು ಹೌದು. ಆಗುವುದಿಲ್ಲ ಅಂತ ಅವತ್ತೇ ಕಳಿಸಿದ್ದೆ."

"ನಮಗೊಂದು ಮಾತು ಹೇಳಲಿಲ್ಲ, ಧಣಿ" ಎಂದ ಮೋನಪ್ಪಣ್ಣ.

"ಬೇಡ ಅಂದ ಸಂಬಂಧದ ಸುದ್ದಿಯನ್ನು ಊರಿಗೆ ಸಾರ್ತಾರಾ? ಈಗ ಖಾಲಿ ಬಸ್ಸು ನೋಡಿ ಪುನಃ ಬಂದಿದ್ದರು. ನಿನ್ನೆ ಹೂಂ ಅಂದೆ."

ಒಳಗಿನಿಂದ ದೀಪ ಬಂತು. ಹೊತ್ತು ಕಂತಿತ್ತು, ಧಣಿಗಳಿಗೆ ಆ ದಿನ ಊಟವಿಲ್ಲ. ನಾವು ಮೂವರೂ ಪೇಟೆಯವರೆಗೆ ಒಟ್ಟಿಗೇ ನಡೆದೆವು.

ಮೊನ್ನೆ ಬಿ.ಸಿ.ರೋಡಿನಲ್ಲಿ ನಮ್ಮನ್ನು ಬಿಟ್ಟುಹೋದ ಬಸ್ಸಿನ ಮೇಲೆ ಮೊದಲು ನನಗೂ ಸಿಟ್ಟು ಬಂದಿತ್ತು. ಇದನ್ನೆಲ್ಲ ನೆನೆಯುತ್ತ ಕೂತಾಗ ಅದು ಇಳಿದುಹೋಯಿತು. ಆ ಡ್ರೈವರನ ಕಿವಿಯಲ್ಲಿ ಯಾರು ಏನು ಊದಿದ್ದಾರೋ.

ಮೋನಪ್ಪಣ್ಣನನ್ನು ದೊಡ್ಡ ಕಂಪೆನಿ ತೆಗೆದು ಹಾಕಲಿಲ್ಲ. ಬೆಳ್ತಂಗಡಿಯ ಲೈನಿಗೆ ಹಾಕಿದರು. ರಾತ್ರಿ ತಂಗುವುದೂ ಅಲ್ಲಿಯೇ. ಮೊದಲ ರಜೆಯ ಸಂಜೆ ಅವನು ಪ್ರಯಾಣಿಕನಾಗಿ ಬೆಳುವಾಯಿಯ ತಿರುವಿನಲ್ಲಿ ಇಳಿದ. ಹಾರ್ನು ಕೇಳದ ಕಮಲಕ್ಕ ಒಲೆ ಹೊತ್ತಿಸಿರಲಿಲ್ಲ. "ಈಗ ಬೆಂಕಿ ಮಾಡ್ತೇನೆ" ಎಂದು ಅವಳು ಎದ್ದಳಂತೆ. ಅವನು ಬೇಡವೆಂದು, ತಣ್ಣೀರಿನಲ್ಲೇ ಮಿಂದು ಮಲಗಿದ.