ಆ ಕೋಣೆಯಲ್ಲಿ ಹುಟ್ಟಿದವರು

ಗುಬ್ಬಿಯಲ್ಲಿ ನನಗೆ ಸಿಕ್ಕ ಬಾಡಿಗೆ ಕೋಣೆಗೆ ಒಳಗಡೆ ಚಿಲಕವಿರಲಿಲ್ಲ. ಹೊರಗಡೆ ಎರಡಿದ್ದವು. ಮೊದಲು ಅಲ್ಲಿ ಕೊಬ್ಬರಿ ತುಂಬಿಡುತ್ತಿದ್ದರಂತೆ. ಕೊಬ್ಬರಿ ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲ. ಒಂದು ಚಿಲಕ ಹಾಕಿಸಿಕೊಡಿ ಎಂದು ಕೇಳಿದ್ದಕ್ಕೆ ಮನೆಯ ಯಜಮಾನ ಗಂಗಾಧರಯ್ಯನವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಒಂಟಿ ಹೆಣ್ಮಗಳು ಒಳಗಡೆ ಚಿಲಕ ಹಾಕ್ಕೊಂಡು ಏನ್ ಮಾಡ್ಬೇಕು ಮೇಡಂ?" ಎಂದರು. ಅಲ್ಲಿದ್ದಷ್ಟು ದಿನವೂ ಟ್ರಂಕನ್ನು ಬಾಗಿಲಿಗೆ ಒತ್ತಿಟ್ಟು ಮಲಗಿದೆ.

ನನ್ನೂರು ಧಾರವಾಡದಲ್ಲಿ ಕುಳಿತು ಇದನ್ನು ಓದುವವರು, ಹೋದದ್ದು ಕನ್ನಡ ನಾಡಿಗೇ ಅಲ್ಲವೇ, ಒಂದೇ ರೈಲು ಹತ್ತಿ ಇಳಿದರಾಯಿತು ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಂ.ಎ. ಮುಗಿಸಿ ಜೂನಿಯರ್ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಲು ಬಂದ ಮೊದಲ ದಿನ ಜವಾನನಿಗೆ 'ನೀರು ಕೊಡ್ರಿ' ಎಂದೆ. ನಾನು ಯಾರಿಗೆ ಹೇಳುತ್ತಿದ್ದೇನೆ ಎಂದು ಅವನು ಹಿಂದಕ್ಕೆ ತಿರುಗಿ ನೋಡಿದ. ವಾರದೊಳಗೆ ಹಿಂದಿನ ಬೆಂಚಿನಿಂದ 'ಹೌದ್ರೀ, ಇಲ್ರೀ' ಎಂಬ ಅಣಕ ಶುರುವಾಯಿತು. ಇಲ್ಲಿಯ ಗೆಳೆಯರು 'ಏನ್ಲಾ' ಎಂದು ಬೈದ ಹಾಗೆ ಕೂಗಿ ಹೆಗಲ ಮೇಲೆ ಕೈ ಹಾಕುತ್ತಾರೆ. ಅದು ಪ್ರೀತಿಯೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ತಿಳಿದ ಮೇಲೂ ಹಿಡಿಸಲಿಲ್ಲ. ಊಟಕ್ಕೆ ಮುದ್ದೆ ಮತ್ತು ಬಸ್ಸಾರು. ಬಸ್ಸಾರೆಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ರೊಟ್ಟಿ ತಿಂದು ಬೆಳೆದ ನಾನು, ನುಂಗಬೇಕಾದ ಮುದ್ದೆಯನ್ನು ಅಗಿದೆ. ಮನೆಯ ಹೆಂಗಸರು ಅದನ್ನು ನೋಡಲು ಪಕ್ಕದ ಮನೆಯವರನ್ನೂ ಕರೆದರು.

ಆ ಚಳಿಗಾಲದಲ್ಲಿ ಗಂಗಾಧರಯ್ಯನವರ ಮಗಳು ಕುಣಿಗಲ್‌ನಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನನ್ನ ಗೋಡೆಯ ಆಚೆಯ ಕೋಣೆಯಲ್ಲಿ ಗಂಡು ಮಗು ಹುಟ್ಟಿತು. ಯಜಮಾನರು ಬೀದಿಗೆಲ್ಲ ಸಕ್ಕರೆ ಹಂಚಿದರು. ನನಗೂ ಕೊಟ್ಟರು; ಅವರು ನಗುತ್ತ ನನ್ನೊಡನೆ ಮಾತಾಡಿದ್ದು ಅದೊಂದೇ ಸಲ. ಆ ಸಂತೋಷದಲ್ಲೇ ನನಗೊಂದು ಕೆಲಸವನ್ನೂ ಹೇಳಿದರು. ನಿಟ್ಟೂರಿನ ಆಚೆ ಒಂದು ಹಳ್ಳಿಯಲ್ಲಿ ತೀರಿಹೋದ ಮಾಜಿ ಮಂತ್ರಿಯೊಬ್ಬರ ಮನೆಯನ್ನು ವಸ್ತುಸಂಗ್ರಹಾಲಯ ಮಾಡುತ್ತಿದ್ದರು. ಯಜಮಾನರು ಅದರ ಸಮಿತಿಯ ಕಾರ್ಯದರ್ಶಿ. ಈಗಿನ ಮಂತ್ರಿಯೊಬ್ಬರು ಉದ್ಘಾಟನೆಗೆ ಬರುವವರಿದ್ದರು. ಪ್ರತಿ ವಸ್ತುವಿನ ಮುಂದೆ ಇಡುವ ಚೀಟಿಗಳನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಬೇಕು. ಬಾಡಿಗೆಗಿದ್ದವಳು ಇಲ್ಲ ಎನ್ನುವುದು ಹೇಗೆ?

ಭಾನುವಾರ ಬಸ್ಸಿನಲ್ಲಿ ಹೋದೆವು. ಅವರು ಮುಂದೆ, ನಾನು ಹಿಂದೆ. ಹೊಸದಾಗಿ ಸುಣ್ಣ ಬಳಿದ ಮನೆ. ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು. ನಡುಮನೆಯ ಗಾಜಿನ ಬೀರುವಿನಲ್ಲಿ ಖಾದಿ ಜುಬ್ಬ, ಊರುಗೋಲು, ಒಂದು ಕಾಲು ಮುರಿದ ಕನ್ನಡಕ, ಜೈಲಿನಲ್ಲಿ ಉಂಡದ್ದೆಂದು ಹೇಳುವ ಅಲ್ಯೂಮಿನಿಯಂ ತಟ್ಟೆ. ಅಳತೆ ಹಿಡಿದು ಒಂದೊಂದಕ್ಕೂ ಎರಡೆರಡು ಸಾಲು ಬರೆದುಕೊಂಡೆ. ಪಕ್ಕದ ಚಿಕ್ಕ ಕೋಣೆಯಲ್ಲಿ ಖಾಲಿ ತೊಟ್ಟಿಲು ಮಾತ್ರ ಇತ್ತು. ಬಾಗಿಲ ಮೇಲೆ 'ಜನ್ಮ ಕೊಠಡಿ' ಎಂಬ ಹಲಗೆ. ಅದಕ್ಕೆ ದೊಡ್ಡ ಚೀಟಿ ಬೇಕು, ಮಂತ್ರಿಗಳು ಮೊದಲು ಓದುವುದು ಅದನ್ನೇ ಎಂದು ಹೇಳಿ ಯಜಮಾನರು ಶಾಮಿಯಾನದವರನ್ನು ನೋಡಲು ಹೋದರು.

ಹಿತ್ತಲ ಬಾಗಿಲಲ್ಲಿ ಒಬ್ಬ ಮುದುಕಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತೀರಿಹೋದ ಮಂತ್ರಿಯ ತಂಗಿ ಹೊನ್ನಮ್ಮ. ಗಂಡ ಸತ್ತ ಮೇಲೆ ಅಣ್ಣನ ಮನೆಗೇ ಬಂದು ಉಳಿದವಳು. ನಿಮ್ಮ ಅಣ್ಣನವರು ಎಷ್ಟನೆಯ ಮಗ ಎಂದು ಕೇಳಿದೆ. ಚೀಟಿಗೆ ಬೇಕಿತ್ತು, ಅಷ್ಟೆ.

"ಹಿರೀಮಗ ಕಣವ್ವ."

ಪೆನ್ನು ನಿಂತಿತು. ಗೋಡೆಯ ಆಚೆ ಅಳುವ ಮಗು ನೆನಪಾಯಿತು. ಹಿರಿಯ ಮಗನೆಂದರೆ ಚೊಚ್ಚಲ. ಹಾಗಾದರೆ ತಾಯಿ ತವರಿಗೆ ಹೋಗಿರಲಿಲ್ಲವೇ ಎಂದು ಕೇಳಿದೆ.

ಹೊನ್ನಮ್ಮ ಒಳಗೆ ಇಣುಕಿ, ಯಾರೂ ಇಲ್ಲವೆಂದು ನೋಡಿಕೊಂಡಳು. "ಹೋಗ್ದೆ ಏನು? ಬೆಳ್ಳಾವೀಲಿ ಹೆತ್ತು, ಐದು ತಿಂಗ್ಳು ತುಂಬುದ್ಮೇಲೆ ಕೂಸು ಎತ್ಕೊಂಡು ಬಂದ್ಲು ನಮ್ಮವ್ವ. ಎರಡ್ನೇದು ಮೂರ್ನೇದಕ್ಕೆಲ್ಲ ತವರಲ್ಲಿ ಯಾರು ಕರೀತಾರೆ? ಆ ಕ್ವಾಣೇಲಿ ಹುಟ್ಟಿದವ್ಳು ನಾನು. ನಾನೇ ಮಲಗ್ತಿದ್ದೆ ಅಲ್ಲಿ. ಈಗ ನನ್ ಚಾಪೆ ಸುತ್ತಿ ಕೊಟ್ಟಿಗೇಲಿ ಹಾಕವ್ರೆ. ಬುಡು, ದೊಡ್ಡೋರು ಹುಟ್ಟೋಕೆ ಜಾಗ ಬೇಕಲ್ಲ." ಆಮೇಲೆ ನನ್ನನ್ನು ಕೇಳಿದಳು: "ನೀನೆಲ್ಲಿ ಹುಟ್ಟಿದ್ದು?"

ಧಾರವಾಡ ಎಂದೆ. ಅದು ಸುಳ್ಳು. ನಾನು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ನನ್ನ ತಾಯಿಯ ತವರಿನಲ್ಲಿ. ಅಲ್ಲಿ ಒಟ್ಟು ಒಂದು ವರ್ಷವೂ ಇದ್ದವಳಲ್ಲ.

ಎರಡು ದಿನ ಬಿಟ್ಟು ಚೀಟಿಗಳನ್ನು ಕೊಟ್ಟೆ. ಯಜಮಾನರು ಎಲ್ಲವನ್ನೂ ತಲೆದೂಗಿ ಓದಿದರು. ಕೊನೆಯದರಲ್ಲಿ ಹೀಗೆ ಬರೆದಿದ್ದೆ: ನಾಯಕರು ಬೆಳ್ಳಾವಿಯಲ್ಲಿ ಹುಟ್ಟಿ ಐದು ತಿಂಗಳ ಶಿಶುವಾಗಿ ಈ ಮನೆಗೆ ಬಂದರು, ಈ ಕೋಣೆಯಲ್ಲಿ ಹುಟ್ಟಿದವರು ಅವರ ತಂಗಿ ಹೊನ್ನಮ್ಮನವರು.

"ಯಾರ್ ಹೇಳಿದ್ದು ನಿಮ್ಗೆ ಇದನ್ನ?"

ಹೇಳಿದೆ.

"ಅವ್ಳಿಗೇನ್ರೀ ಗೊತ್ತು? ಅವ್ರು ಹುಟ್ಟಿದಾಗ ಅವ್ಳು ಹುಟ್ಟೇ ಇರ್ಲಿಲ್ಲ." ನನ್ನೆದುರು ಮೊದಲ ಸಲ ಅವರ ಬಾಯಲ್ಲಿ 'ರೀ' ಬಂದಿತ್ತು, ನನ್ನನ್ನು ಅಣಕಿಸಲು.

ನಾನು ಜಗಳವಾಡುವವಳಲ್ಲ. ಒಂದೇ ಮಾತು ಹೇಳಿದೆ: "ನಿಮ್ಮ ಮೊಮ್ಮಗ ಕುಣಿಗಲ್‌ನವನು. ಹುಟ್ಟಿದ್ದು ಎಲ್ಲಿ?"

ಒಳಗೆ ತೊಟ್ಟಿಲು ತೂಗುತ್ತಿದ್ದ ಸದ್ದು ನಿಂತಿತು. ಮಗಳು ಕೇಳಿಸಿಕೊಂಡಿರಬೇಕು. ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಈ ತಿಂಗಳ ಕೊನೆಗೆ ಕೋಣೆ ಬೇಕಾಗುತ್ತದೆ, ಕೊಬ್ಬರಿ ಬರುತ್ತದೆ ಎಂದರು. ಆ ಊರಿನಲ್ಲಿ ಬೇರೆ ಯಾರೂ ನನಗೆ ಕೋಣೆ ಕೊಡಲಿಲ್ಲ. ಸಮಿತಿಯವರ ಅಂಗಡಿ, ಮನೆ, ಬಂಧುಬಳಗ ಇಲ್ಲದ ಬೀದಿಯೇ ಅಲ್ಲಿರಲಿಲ್ಲ.

ಉದ್ಘಾಟನೆಯ ಸುದ್ದಿಯನ್ನು ಆಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ನಾಯಕರು ಹುಟ್ಟಿದ್ದು ಇಲ್ಲೇ ಎಂದು ಡ್ರಾಯಿಂಗ್ ಮೇಷ್ಟ್ರು ಬೇರೆ ಚೀಟಿ ಬರೆದಿದ್ದರಂತೆ. ಬೆಳಿಗ್ಗೆ ಬಾಗಿಲು ತೆರೆದರೆ ತೊಟ್ಟಿಲ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಹೊನ್ನಮ್ಮ ಕೂತಿದ್ದಳಂತೆ. ಎಬ್ಬಿಸುವಷ್ಟರಲ್ಲಿ ಮಂತ್ರಿಯ ಕಾರು ಬಂದಿತ್ತು. ಮಂತ್ರಿ ಅವಳ ಕಾಲು ಮುಟ್ಟಿ ಫೋಟೊ ತೆಗೆಸಿಕೊಂಡರು. ಅಂದಿನಿಂದ, ನೋಡುವವರು ಬಂದಾಗ ಅವಳನ್ನು ಅಲ್ಲಿ ಕೂರಿಸುತ್ತಾರೆ. ಅವರು ಹೋದ ಮೇಲೆ ಮತ್ತೆ ಕೊಟ್ಟಿಗೆ.

ನಾನೀಗ ತುಮಕೂರಿನಲ್ಲಿದ್ದೇನೆ, ಅಂತರಸನಹಳ್ಳಿಯ ಕಾರ್ಖಾನೆಗಳ ಹತ್ತಿರ. ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಪಾಠ ಮಾಡಿ ಬರುತ್ತೇನೆ. ಬಂದ ದಿನವೇ ಚಿಲಕ ಕೊಂಡು, ಬಡಗಿಯನ್ನು ಕರೆಯದೆ ನಾನೇ ಒಳಗಡೆ ಬಡಿದೆ. ಸ್ವಲ್ಪ ಸೊಟ್ಟಗಿದೆ. ಗುಬ್ಬಿಯ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ರಜೆಗೆ ಧಾರವಾಡಕ್ಕೆ ಹೋಗಿದ್ದೆ. ಅಂಗಡಿಯಲ್ಲಿ 'ರೀ' ಸೇರಿಸದೆ 'ಬರ್ತೀನಿ' ಎಂದು ಹೊರಟೆ. ಚಿಕ್ಕಂದಿನಿಂದ ನನ್ನನ್ನು ಬಲ್ಲ ಅಂಗಡಿಯವರು, ಯಾವ ಕಡೆಯವರ್ರೀ ನೀವು ಎಂದು ಕೇಳಿದರು. ಮನೆಯಲ್ಲಿ ನನ್ನ ಕೋಣೆಯನ್ನು ತಂಗಿಗೆ ಕೊಟ್ಟಿದ್ದರು. ಹುಬ್ಬಳ್ಳಿಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ನನ್ನ ಪುಸ್ತಕಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದರು. ನಾನು ನಡುಮನೆಯಲ್ಲಿ ಚಾಪೆ ಹಾಸಿಕೊಂಡೆ. ಮಧ್ಯಾಹ್ನ ಬಾಚಣಿಗೆ ತೆಗೆದುಕೊಳ್ಳೋಣವೆಂದು ಕೋಣೆಯ ಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು.